ಇಪ್ಪತ್ನಾಲ್ಕು ಗಂಟೆ ನೀರಿದೆ

ಚಂದಾಪುರದ ಬಾಡಿಗೆ ಮನೆಗಳ ಗೇಟಿಗೆ ತೂಗುಹಾಕಿದ ಬೋರ್ಡುಗಳಲ್ಲಿ ಫೋನ್ ನಂಬರಿಗಿಂತ ದಪ್ಪ ಅಕ್ಷರದಲ್ಲಿ ಬರೆದಿರುವ ಮಾತು ಒಂದೇ: ‘24 ಗಂಟೆ ನೀರಿದೆ.’ ಅದನ್ನು ನಂಬಿಯೇ ನಾವು ಆನೇಕಲ್ ರಸ್ತೆ ಕಡೆಯ ಈ ಮನೆಯ ಮೂರನೇ ಮಹಡಿಗೆ ಬಂದದ್ದು. ನೀರು ಇರುವುದೇನೋ ನಿಜ. ಸಾವಿರದಿನ್ನೂರು ಅಡಿ ಕೆಳಗೆ ಇದೆ. ಅದು ಮೇಲೆ ಬರಬೇಕಾದರೆ ಅದಕ್ಕೆ ಮನಸ್ಸಾಗಬೇಕು, ಮೋಟರಿಗೆ ಕರೆಂಟ್ ಇರಬೇಕು, ಸ್ವಿಚ್ ಹಾಕಲು ಮಾಲೀಕರಿಗೆ ಎಚ್ಚರವಾಗಬೇಕು. ಈ ಮೂರೂ ಕೂಡಿಬರುವ ಮುಹೂರ್ತ ಬೆಳಗಿನ ಜಾವ ಮೂರು ಗಂಟೆ. ಉಳಿದ ಹೊತ್ತಿಗೆ ಟ್ಯಾಂಕರ್.

ಹಾಗಂತ ಬೋರ್ಡಿನಲ್ಲಿ ಬರೆದದ್ದು ಸುಳ್ಳು ಅಂತ ಈಗ ನಾನು ಹೇಳುವ ಹಾಗಿಲ್ಲ. ನಮ್ಮ ಮನೆಯಲ್ಲಿ ಒಬ್ಬರಿಗೆ ಹಗಲೂ ರಾತ್ರಿ ನೀರು ಹರಿಯುತ್ತಿದೆ. ಅದು ನನ್ನ ಕಂಪ್ಯೂಟರು.

ನನ್ನ ಉದ್ಯೋಗ ಏನೆಂದು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಇದೆಲ್ಲ ಹುಚ್ಚಿನ ಹಾಗೆ ಕಾಣುತ್ತದೆ. (ಹೇಳಿದ ಮೇಲೂ ಹಾಗೇ ಕಾಣುತ್ತದೆ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ.) ಬೊಮ್ಮಸಂದ್ರದ ಒಂದು ಟೂಲ್‌ರೂಮಿನಲ್ಲಿ ನಾನು ಮೋಲ್ಡ್ ಡಿಸೈನರ್. ಬಕೆಟ್ಟು, ಮಗ್ಗು, ಸ್ವಿಚ್ಚು, ಮಿಕ್ಸಿಯ ಮೈ ಇವೆಲ್ಲ ಯಾವ ಉಕ್ಕಿನ ಅಚ್ಚಿನಲ್ಲಿ ಹುಟ್ಟುತ್ತವೋ ಆ ಅಚ್ಚಿನ ನಕ್ಷೆ ಬರೆಯುವವನು. 200 ಡಿಗ್ರಿ ದಾಟಿ ಕರಗಿದ ಪ್ಲಾಸ್ಟಿಕ್ಕು ಅಚ್ಚಿನೊಳಗೆ ನುಗ್ಗುವುದು ಕೆಲವೇ ಸೆಕೆಂಡಿನ ಕೆಲಸ. ಅದು ಆರಿ ಗಟ್ಟಿಯಾಗುವುದಕ್ಕೇ ಒಟ್ಟು ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಆದ್ದರಿಂದ ಉಕ್ಕಿನ ಹೊಟ್ಟೆಯೊಳಗೆ ಉದ್ದುದ್ದ ತೂತು ಕೊರೆದು ನೀರು ಹರಿಸುತ್ತೇವೆ. ನಮ್ಮವರ ಬಾಯಲ್ಲಿ ಅದು ಕೂಲಿಂಗ್ ಲೈನು. ನೀರು ಎಲ್ಲಿಂದ ಒಳಗೆ ಬರಬೇಕು, ಯಾವ ಮೂಲೆ ಸುತ್ತಿ ಎಲ್ಲಿಂದ ಹೊರಗೆ ಹೋಗಬೇಕು ಎಂದು ಗೆರೆ ಎಳೆಯುವುದರಲ್ಲೇ ನನ್ನ ಹದಿನೈದು ವರ್ಷ ಕಳೆದಿದೆ. ಅದೇ ನಾನು ಮನೆಗೆ ಬಂದರೆ ಟೇಬಲ್ ಕೆಳಗೆ ಬೇಯುತ್ತಿರುವ ಪೆಟ್ಟಿಗೆಗೆ ಗಾಳಿ ಬೀಸುತ್ತಾ ಕೂತಿದ್ದೆ. ಅಡುಗೆಭಟ್ಟರ ಮನೆಯವರು ಹೋಟೆಲಿನಿಂದ ಪಾರ್ಸೆಲ್ ತರಿಸಿಕೊಂಡ ಹಾಗೆ.

ಬೇಯುವುದಕ್ಕೆ ಕಾರಣವೂ ನಾನೇ. ರಾತ್ರಿ ಹೊತ್ತು ಹೊರಗಿನ ಒಂದಿಷ್ಟು ಕೆಲಸ ಒಪ್ಪಿಕೊಳ್ಳುತ್ತೇನೆ. ಅಚ್ಚಿನಲ್ಲಿ ಪ್ಲಾಸ್ಟಿಕ್ಕು ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕುವ ಸಿಮ್ಯುಲೇಶನ್ನು ಪ್ರೊಸೆಸರನ್ನು ಅರೆಯುತ್ತದೆ. ಗಿರಾಕಿಗೆ ಬಣ್ಣಬಣ್ಣವಾಗಿ ತೋರಿಸುವ ರೆಂಡರು ಗ್ರಾಫಿಕ್ಸ್ ಕಾರ್ಡನ್ನು ಅರೆಯುತ್ತದೆ. ಎರಡೂ ಸೇರಿದರೆ ಸುಮಾರು 400 ವಾಟ್. ಇಸ್ತ್ರಿಪೆಟ್ಟಿಗೆಯ ಅರ್ಧದಷ್ಟು ಬಿಸಿ, ರಾತ್ರಿಯಿಡೀ. ಅದೂ 2024ರ ಏಪ್ರಿಲ್‌ನಲ್ಲಿ. ಆ ತಿಂಗಳ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ದಾಖಲಾಯಿತು. ನಮ್ಮದು ಟೆರೇಸಿಗೆ ಅಂಟಿದ ಮಹಡಿ. ಸಂಜೆ ಏಳಕ್ಕೂ ತಾರಸಿ ಕಾದ ಹೆಂಚು. ಪ್ರೊಸೆಸರ್ 95 ಡಿಗ್ರಿ ಮುಟ್ಟಿ, ಬಿಸಿಲಿಗೆ ಗಾಡಿ ಎತ್ತು ಕಾಲು ಮಡಚಿದಂತೆ, ತಾನೇ ವೇಗ ತಗ್ಗಿಸಿಕೊಳ್ಳುತ್ತಿತ್ತು. ಫ್ಯಾನುಗಳೋ, ಪಕ್ಕದ ಕೋಣೆಯಲ್ಲಿ ರಾಗಿ ಮಿಷನ್ ಹಾಕಿದಂತೆ ಗುಂಯ್ ಅನ್ನುತ್ತಿದ್ದವು.

“ಒಂದು ಎಸಿ ಹಾಕಿಸ್ರೀ. ಅದರ ಜೊತೆಗೆ ಮನುಷ್ಯರೂ ತಣ್ಣಗಿರಬಹುದು,” ಅಂದಳು ಹೆಂಡತಿ. ಮಾತಿನಲ್ಲಿ ನ್ಯಾಯವಿತ್ತು. ಆದ್ದರಿಂದ ಕೇಳಿಸಿಕೊಳ್ಳಲಿಲ್ಲ.

ನಾನು ಯೋಜನೆ ಪ್ರಕಟಿಸಿದ ಸಮಯವೂ ಎಂಥದ್ದು! ಮಾರ್ಚ್‌ನಲ್ಲಷ್ಟೇ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಸಾರಿತ್ತು. ಜಿಲ್ಲಾಡಳಿತ 6,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗಾದರೆ 600 ರೂಪಾಯಿ ಎಂದು ದರ ಕಟ್ಟಿತ್ತು. ಆ ದರವನ್ನು ನಾನು ಟಿವಿಯಲ್ಲಿ ಮಾತ್ರ ನೋಡಿದ್ದೇನೆ. ನಮ್ಮ ಬೀದಿಗೆ ಬರುವ ಟ್ಯಾಂಕರಿನ ಹುಡುಗನಿಗೆ ಅದನ್ನು ಹೇಳಿದಾಗ “ಟಿವಿಯವರ ಹತ್ರಾನೇ ಹಾಕಿಸ್ಕೊಳಿ ಸಾರ್” ಎಂದು ಪೈಪು ಸುತ್ತತೊಡಗಿದ್ದ. ಮನೆಯಲ್ಲಿ ಸೊಪ್ಪು ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದದ್ದು ಬಾತ್‌ರೂಮಿಗೆ ಎಂದು ಬಕೆಟ್ಟುಗಳು ಸಾಲು ನಿಂತಿದ್ದ ಕಾಲ. ಅಂಥ ಒಂದು ಸಂಜೆ ಊಟಕ್ಕೆ ಕೂತು ಹೇಳಿದೆ: “ಕಂಪ್ಯೂಟರಿಗೆ ನೀರು ಹಾಕಿಸ್ತೀನಿ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಮ್ಮ ಕೇಳಿದಳು: “ಅದಕ್ಕೂ ಟ್ಯಾಂಕರಾ?”

“ಒಂದು ಲೀಟರ್ ಸಾಕಮ್ಮ. ಅದೇ ನೀರು ಒಳಗೊಳಗೇ ಸುತ್ತುತ್ತಾ ಇರುತ್ತೆ.”

“ಅದೇ ನೀರು? ಬದಲಾಯಿಸೋದೇ ಇಲ್ವೆ?”

“ವರ್ಷಕ್ಕೊಂದು ಸಲ.”

ಅಮ್ಮ ತಟ್ಟೆಯನ್ನು ಒಂದು ಗೇಣು ಆಚೆ ಸರಿಸಿಕೊಂಡಳು.

ನಾನು ಪಟ್ಟು ಬಿಡದೆ ಕಾಗದದ ಮೇಲೆ ಚಿತ್ರ ಬರೆದೆ. ಪಂಪಿನಿಂದ ಹೊರಟ ನೀರು ಪ್ರೊಸೆಸರಿನ ತಲೆಯ ಮೇಲಿನ ತಾಮ್ರದ ಬ್ಲಾಕಿಗೆ ಹೋಗುತ್ತದೆ, ಅಲ್ಲಿಂದ ಗ್ರಾಫಿಕ್ಸ್ ಕಾರ್ಡಿನ ಬ್ಲಾಕಿಗೆ, ಅಲ್ಲಿಂದ ರೇಡಿಯೇಟರಿಗೆ. ಅಲ್ಲಿ ಫ್ಯಾನಿನ ಗಾಳಿಗೆ ಬಿಸಿ ಕಳೆದುಕೊಂಡು ಮತ್ತೆ ಪಂಪಿಗೆ. ಒಂದು ಚೊಂಬು ನೀರು ಹೊರುವಷ್ಟು ಬಿಸಿಯನ್ನು ಹೊರಲು ಮೂರು ಸಾವಿರಕ್ಕೂ ಹೆಚ್ಚು ಚೊಂಬು ಗಾಳಿ ಬೇಕು ಎಂದೂ ಹೇಳಿದೆ. ಅಮ್ಮನಿಗೆ ಚೊಂಬಿನ ಲೆಕ್ಕ ಹಿಡಿಸಿತು. ಹಿಡಿಸದೇ ಹೋದದ್ದು ಬಾಣದ ಗುರುತು.

“ಇವನ ಮೈ ತೊಳೆದ ನೀರು ಅವನಿಗಾ?” ಅಂದಳು ಪ್ರೊಸೆಸರಿನಿಂದ ಕಾರ್ಡಿಗೆ ಹೋಗುವ ಬಾಣದ ಮೇಲೆ ಬೆರಳಿಟ್ಟು.

ಈ ವಿದ್ಯೆಗೆ ಹೊಸದಾಗಿ ಇಳಿದವರೆಲ್ಲ ಕೇಳುವ ಪ್ರಶ್ನೆಯೇ ಇದು. ಅಮ್ಮ ಅದನ್ನು ಮಡಿ-ಮೈಲಿಗೆಯ ಭಾಷೆಯಲ್ಲಿ ಕೇಳಿದಳು, ಅಷ್ಟೇ. ಉತ್ತರ ಲೆಕ್ಕದಲ್ಲಿದೆ. ನಿಮಿಷಕ್ಕೆ ನಾಲ್ಕು ಲೀಟರ್ ಹರಿಯುತ್ತಿದ್ದರೆ 400 ವಾಟ್ ಬಿಸಿಯೂ ಒಂದು ಸುತ್ತಿನಲ್ಲಿ ನೀರನ್ನು ಒಂದೂವರೆ ಡಿಗ್ರಿಯಷ್ಟು ಕೂಡ ಏರಿಸಲಾರದು. ಇದ್ದಬದ್ದ ಒಂದು ಲೀಟರು ಹದಿನೈದು ಸೆಕೆಂಡಿಗೊಮ್ಮೆ ಸುತ್ತು ಹಾಕುತ್ತಿರುತ್ತದೆ. ಯಾರು ಮೊದಲು ಮಿಂದರು, ಯಾರು ಆಮೇಲೆ ಮಿಂದರು ಎಂಬ ವ್ಯತ್ಯಾಸ ಇಲ್ಲವೆಂದರೂ ನಡೆಯುತ್ತದೆ. “ಹೊಳೆಯಲ್ಲಿ ಮೇಲಿನ ಘಟ್ಟ ಕೆಳಗಿನ ಘಟ್ಟ ಇದ್ದ ಹಾಗಮ್ಮ. ಹರಿಯೋ ನೀರಿಗೆ ಮೈಲಿಗೆ ಇಲ್ಲ,” ಎಂದು ನಾನು ಅಂದ ಮೇಲೆ ಅಮ್ಮನ ಮಟ್ಟಿಗೆ ಒಪ್ಪಿಗೆ ಸಿಕ್ಕಿತು.

ಹೆಂಡತಿಗೆ ದೊಡ್ಡವರ ಉದಾಹರಣೆ ಕೊಟ್ಟೆ. 1985ರಲ್ಲಿ ಬಂದ ಕ್ರೇ-2 ಎಂಬ ಅಮೆರಿಕದ ಸೂಪರ್ ಕಂಪ್ಯೂಟರಿನ ಸರ್ಕ್ಯೂಟುಗಳನ್ನು, ಕರೆಂಟ್ ಹರಿಯದ ಒಂದು ದ್ರವದಲ್ಲಿ ಉಪ್ಪಿನಕಾಯಿಯ ಹಾಗೆ ಮುಳುಗಿಸಿಯೇ ಇಟ್ಟಿದ್ದರು. ಅಷ್ಟು ದೂರವೇಕೆ, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕೆಲಸ ಶುರುಮಾಡಿದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗವೂ ದ್ರವ ಹರಿಸಿ ತಣ್ಣಗಿಡುವ ಜಾತಿಯದೇ. “ಅಲ್ಲಿ ಅದನ್ನ ನೋಡ್ಕೊಳ್ಳೋಕೆ ಸಂಬಳದ ಜನ ಇರ್ತಾರೆ. ಇಲ್ಲಿ ನೆಲ ಒರೆಸೋಳು ನಾನು,” ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಸಾಮಾನಿಗೆ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋದೆ. ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಬಂದದ್ದು 2025ರ ಆಗಸ್ಟ್‌ನಲ್ಲಿ. ನಾನು ಹೋದ ಕಾಲಕ್ಕೆ ಅದಿನ್ನೂ ಇರಲಿಲ್ಲ, ಚಂದಾಪುರ ಸರ್ಕಲ್ಲಿನಲ್ಲಿ ಬಸ್ಸು ಹತ್ತಿ ಮಾರ್ಕೆಟ್ಟಿನಲ್ಲಿ ಇಳಿದು ನಡೆಯಬೇಕಿತ್ತು. ಅಂಗಡಿಯವನು ಮೊದಲು ರೆಡಿಮೇಡ್ ತೋರಿಸಿದ: ಪಂಪು, ಪೈಪು, ರೇಡಿಯೇಟರು ಎಲ್ಲ ಕೂಡಿಸಿ ನೀರು ತುಂಬಿ ಸೀಲು ಹೊಡೆದದ್ದು. ಆದರೆ ಅದು ಪ್ರೊಸೆಸರಿಗೆ ಮಾತ್ರ. ಕಾರ್ಡಿಗೂ ಅದೇ ನೀರು ಹೋಗಬೇಕೆಂದರೆ ಬಿಡಿಬಿಡಿಯಾಗಿ ಕೊಂಡು ನಾವೇ ಕೂಡಿಸಬೇಕು. “ರ‍್ಯಾಮ್‌ಗೂ ಬ್ಲಾಕ್ ಬರುತ್ತೆ ಸಾರ್, ತರಿಸ್ಕೊಡ್ಲಾ?” ಅಂದ. ಫೋನಿನಲ್ಲಿ ಹೆಂಡತಿಯನ್ನು ಕೇಳಿದೆ. “ಮೌಸಿಗೂ ಹಾಕಿಸ್ಕೊಂಡ್ ಬನ್ನಿ,” ಎಂದು ಫೋನಿಟ್ಟಳು. ರ‍್ಯಾಮನ್ನು ಬಿಟ್ಟೆ.

ಬಣ್ಣದ ಕೂಲೆಂಟುಗಳನ್ನೂ ಸಾಲಾಗಿಟ್ಟು ತೋರಿಸಿದ: ಕೆಂಪು, ನೀಲಿ, ಕತ್ತಲಲ್ಲಿ ಹೊಳೆಯುವ ಹಸಿರು. ಚಂದಾಪುರದವನಿಗೆ ಬಣ್ಣದ ನೀರು ತೋರಿಸಿದರೆ ಏನು ಹೇಳಲಿ? ನಮ್ಮ ಊರಿನ ಕೆರೆಯ ನೀರಿನ ಗತಿ ನೋಡಿಯೇ 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರ 500 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕೆಂದು ಆದೇಶಿಸಿದ್ದು. ದುಡ್ಡು ಕೊಟ್ಟು ಹಸಿರು ನೀರು ಒಯ್ಯಲು ಮನಸ್ಸು ಒಪ್ಪಲಿಲ್ಲ.

ಪಂಪು, ಅದರ ತಲೆಯ ಮೇಲೆ ಕೂರುವ ಗಾಜಿನಂಥ ತೊಟ್ಟಿ, ಎರಡು ಬ್ಲಾಕು, ಮೂರು ಫ್ಯಾನು ಕೂರುವ 360 ಮಿಲಿಮೀಟರಿನ ರೇಡಿಯೇಟರು, ರಬ್ಬರ್ ಟ್ಯೂಬು. ಇಷ್ಟರ ಬೆಲೆಗೆ ನಾನು ಸಿದ್ಧನಾಗಿದ್ದೆ. ಸಿದ್ಧನಿಲ್ಲದ್ದು ಫಿಟಿಂಗಿಗೆ. ಟ್ಯೂಬಿನ ಒಂದೊಂದು ತುದಿಗೂ ಒಂದೊಂದು. ಹೆಬ್ಬೆರಳಿನಷ್ಟು ದಪ್ಪ, ಒಂದಕ್ಕೆ ಐನೂರ ಐವತ್ತು ರೂಪಾಯಿ. ಹತ್ತಾದರೂ ಬೇಕು. ಕೈಯಲ್ಲಿ ತಿರುಗಿಸಿ ನೋಡಿದೆ. ಅದರ ತಿರುಪಿನ ಮರೆ, ಅಂದರೆ ಥ್ರೆಡ್ಡು, ನೋಡಿದ ಕೂಡಲೇ ಎಲ್ಲೋ ಕಂಡ ಮುಖ ಅನ್ನಿಸಿತು. ಪೆಟ್ಟಿಗೆಯ ಮೇಲೆ ‘ಜಿ ಕಾಲು’ ಅಂತಿತ್ತು. ಅಂದರೆ ನಮ್ಮ ಕಾಲಿಂಚಿನ ಬಿಎಸ್‌ಪಿ! ಬ್ರಿಟಿಷರ ಪೈಪಿನ ಮರೆ! ದಿನಾ ಅಚ್ಚಿಗೆ ಹಾಕುವ ಹಿತ್ತಾಳೆ ನಿಪ್ಪಲಿನ ಮರೆ! ಬೊಮ್ಮಸಂದ್ರದ ಹಾರ್ಡ್‌ವೇರ್ ಅಂಗಡಿಯಲ್ಲಿ ನಲವತ್ತು ರೂಪಾಯಿಗೆ ಡಬ್ಬಿಯಿಂದ ಬಾಚಿ ಕೊಡುತ್ತಾರೆ. ಫಿಟಿಂಗು ಬಿಟ್ಟು ಉಳಿದದ್ದನ್ನು ಕಟ್ಟಿಸಿಕೊಂಡು, ಏನೋ ಗೆದ್ದವನಂತೆ ಬಸ್ಸು ಹತ್ತಿದೆ. ಕಂಡಕ್ಟರು ತೊಡೆಯ ಮೇಲಿದ್ದ ರೇಡಿಯೇಟರನ್ನು ನೋಡಿ “ಯಾವ ಗಾಡಿದು ಸಾರ್?” ಅಂದರು. ಮನೆಯ ಕಂಪ್ಯೂಟರಿನದು ಅಂದೆ. ಅವರು ಚಿಲ್ಲರೆ ಕೊಟ್ಟು ಬೇಗ ಮುಂದೆ ಹೋದರು.

ಮರುದಿನ ಟೂಲ್‌ರೂಮಿನಲ್ಲಿ ನಮ್ಮ ಹಿರಿಯ ಫಿಟ್ಟರಿಗೆ ಎಲ್ಲ ತೋರಿಸಿದೆ. ಮೂವತ್ತು ವರ್ಷ ಅಚ್ಚು ಬಿಚ್ಚಿ ಕಟ್ಟಿದ ಕೈ. ಅವರು ಮೂರು ಮಾತು ಹೇಳಿದರು. ರೇಡಿಯೇಟರನ್ನು ಉಗುರಿನಿಂದ ಕೆರೆದು ನೋಡಿ, “ಇದು ಅಲ್ಯೂಮಿನಿಯಂ ಸಾರ್. ಬ್ಲಾಕು ತಾಮ್ರ. ಎರಡನ್ನೂ ಒಂದೇ ನೀರಲ್ಲಿ ಹಾಕಿದ್ರೆ ತಾಮ್ರ ಅಲ್ಯೂಮಿನಿಯಂನ ತಿನ್ನುತ್ತೆ. ವಾಪಸ್ ಕೊಟ್ಬನ್ನಿ.” ಎರಡನೆಯದು, ನಿಪ್ಪಲ್ ಟೇಪರ್ ತಗೋಬೇಡಿ, ಪ್ಯಾರಲಲ್ ತಗೊಳ್ಳಿ, ಟೇಪರು ಬಿಗಿದಷ್ಟೂ ಅಗಲವಾಗಿ ಪ್ಲಾಸ್ಟಿಕ್ ತೊಟ್ಟಿ ಸೀಳುತ್ತದೆ. ಮೂರನೆಯದು, ನೀರು ಹಾಕುವ ಮುಂಚೆ ಗಾಳಿ ಹಾಕಿ. ವಾರಗಟ್ಟಲೆ ರಾತ್ರಿ ಕೂತು ನೋಡಿದ ವೀಡಿಯೊಗಳಲ್ಲಿ ಇದ್ದದ್ದೂ ಇಷ್ಟೇ. ಅವರದಕ್ಕೆ ಹಿನ್ನೆಲೆ ಸಂಗೀತ ಇರಲಿಲ್ಲ. ಮತ್ತೆ ಎಸ್.ಪಿ. ರಸ್ತೆಗೆ ಹೋಗಿ ಸಾವಿರದ ಎಂಟುನೂರು ಹೆಚ್ಚು ಕೊಟ್ಟು ತಾಮ್ರದ ರೇಡಿಯೇಟರು ತಂದೆ. ಕಂಡಕ್ಟರು ಬೇರೆಯವರು, ಪ್ರಶ್ನೆ ಅದೇ.

ಕಾರ್ಡನ್ನು ಬಿಚ್ಚಿದ ಭಾನುವಾರವನ್ನು ಮರೆಯಲಾರೆ. ಬೆಲೆ ನಲವತ್ತೈದು ಸಾವಿರ, ವಾರಂಟಿ ಇನ್ನೂ ಎಂಟು ತಿಂಗಳು, ಸ್ಕ್ರೂ ಮೇಲೆ ‘ತೆಗೆದರೆ ನಾವು ಜವಾಬ್ದಾರರಲ್ಲ’ ಎಂಬರ್ಥದ ಸ್ಟಿಕ್ಕರು. ಸ್ಕ್ರೂಗಳು ನಾಲ್ಕು ಅಳತೆಯವು, ಒಂದೊಂದೂ ಜೀರಿಗೆಗಿಂತ ಸ್ವಲ್ಪ ದೊಡ್ಡದು. ಬೇರೆಬೇರೆ ಇಡಲು ಅಮ್ಮನ ಹಳೆಯ ಒಗ್ಗರಣೆ ಡಬ್ಬಿ ತಂದುಕೊಂಡೆ. ಏಳು ಬಟ್ಟಲು, ಇದಕ್ಕಿಂತ ಒಳ್ಳೆಯ ಸಾಧನ ಯಾವ ಟೂಲ್‌ಕಿಟ್ಟಿನಲ್ಲೂ ಇಲ್ಲ. ಹಳೆ ಹೀಟ್‌ಸಿಂಕು ಕಿತ್ತು, ಒಣಗಿದ ಪೇಸ್ಟು ಒರೆಸಿ, ಹೊಸದು ಬಳಿದು, ತಾಮ್ರದ ಬ್ಲಾಕು ಕೂರಿಸಿ, ಮೂಲೆಗೆ ಮೂಲೆ ಎದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬಂದೆ. ಎಲ್ಲ ಮುಗಿದ ಮೇಲೆ ಎಣಿಸಿದರೆ ಒಂದು ಸ್ಕ್ರೂ ಕಡಿಮೆ, ಒಂದು ಸಾಸಿವೆ ಹೆಚ್ಚು. ಸಾಸಿವೆ ಕಾರ್ಡಿನ ಮೇಲೇ ಸಿಕ್ಕಿತು. ಸ್ಕ್ರೂ ಎಲ್ಲಿ ಹೋಯಿತೆಂದು ಆ ವಾರವಿಡೀ ಒಗ್ಗರಣೆ ಚಟಪಟ ಅಂದಾಗಲೆಲ್ಲ ನನ್ನ ಎದೆ ಹಾರುತ್ತಿತ್ತು.

ಇಷ್ಟರಲ್ಲಿ ಅಪ್ಪ ಬಂದರು. ಮಾಲೂರು ಕಡೆಯ ಊರು ನಮ್ಮದು. ಕಣ್ಣಿನ ಪೊರೆ ತೋರಿಸಲು ಬಂದವರು. ಒಂದೇ ಕಣ್ಣಿನಲ್ಲಿ ಇಡೀ ಪೆಟ್ಟಿಗೆಯನ್ನು ಸುತ್ತಿ ನೋಡಿ, “ಏನಪ್ಪಾ ಇದು, ಡ್ರಿಪ್ ಎಳ್ದಿದ್ದೀಯಾ?” ಅಂದರು. ಈ ಮೂರು ತಿಂಗಳಲ್ಲಿ ವಿವರಣೆ ಇಲ್ಲದೆ ವಿಷಯ ಅರ್ಥವಾದ ಮೊದಲ ಮನುಷ್ಯ ಅವರು. ಒಂದಾದ ಮೇಲೊಂದು ಐದು ಬೋರು ಕೊರೆಸಿ ಮೂರರಲ್ಲಿ ಧೂಳು ಕಂಡವರಿಗೆ ಪಂಪು, ಪೈಪು, ವಾಲ್ವುಗಳ ಬಗ್ಗೆ ಹೇಳಿಕೊಡಬೇಕೆ? ಮರೆಗೆ ಟೆಫ್ಲಾನ್ ಟೇಪು ಸುತ್ತಿಲ್ಲವೆಂದು ಮಾತ್ರ ಅವರಿಗೆ ಅಸಮಾಧಾನ. ಒಳಗೆ ರಬ್ಬರ್ ರಿಂಗು ಇದೆಯಪ್ಪಾ ಅಂದೆ. “ರಬ್ಬರು ಇವತ್ತಿರುತ್ತೆ, ನಾಳೆ ಸೀಳುತ್ತೆ. ಸೆಣಬಿನ ನಾರು ಸುತ್ತಿ ಬಿಳೀ ಪೇಂಟು ಬಳಿಯೋ,” ಅಂದರು. ನಲವತ್ತೈದು ಸಾವಿರದ ಕಾರ್ಡಿಗೆ ಸೆಣಬು!

ಫಿಟ್ಟರ್ ಹೇಳಿದಂತೆ ಮೊದಲು ಗಾಳಿ. ಮಗಳ ಸೈಕಲ್ ಪಂಪಿನಿಂದ ಹೊಡೆದು, ಟೂಲ್‌ರೂಮಿನಿಂದ ಎರವಲು ತಂದ ಗೇಜಿನ ಮುಳ್ಳು ಅರ್ಧ ಬಾರ್‌ನಲ್ಲಿ ನಿಲ್ಲುತ್ತದೆಯೇ ನೋಡಿದೆ. ನಿಲ್ಲಲಿಲ್ಲ. ಪಾತ್ರೆ ತೊಳೆಯುವ ಸೋಪಿನ ನೊರೆ ಹಚ್ಚಿದಾಗ ಒಂದು ನಿಪ್ಪಲಿನ ಬುಡದಲ್ಲಿ ಸಣ್ಣ ಗುಳ್ಳೆ ಎದ್ದಿತು. ಬಿಗಿದೆ. ಮುಳ್ಳು ನಿಂತಿತು. ಅಪ್ಪ ಏನೂ ಹೇಳದೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸೆಣಬಿತ್ತು.

ಇನ್ನು ನೀರು. ನಲ್ಲಿಯ ನೀರು ಕೂಡದು, ಅದಕ್ಕೆ ನಾನೇ ಸಾಕ್ಷಿ. ನಮ್ಮ ಕಡೆಯ ಬೋರ್ ನೀರು ಹರಿದ ಹಳೆ ಅಚ್ಚುಗಳ ಕೂಲಿಂಗ್ ಲೈನು ಕೊಯ್ದು ನೋಡಿದ್ದೇನೆ. ಹತ್ತು ಮಿಲಿಮೀಟರ್ ತೂತಿನಲ್ಲಿ ನಾಲ್ಕು ಮಿಲಿಮೀಟರ್ ಉಳಿದಿರುತ್ತದೆ, ಉಳಿದದ್ದೆಲ್ಲ ಸುಣ್ಣ. ಬ್ಲಾಕಿನ ಒಳಗಿನ ಕಾಲುವೆಗಳೋ ಕೂದಲಿನಷ್ಟು ಸಣ್ಣವು, ಬೇಗ ಕಟ್ಟಿಕೊಳ್ಳಬಹುದು. ಆದ್ದರಿಂದ ಚಂದಾಪುರ ಸರ್ಕಲ್ ಹತ್ತಿರದ ಬ್ಯಾಟರಿ ಅಂಗಡಿಯಿಂದ ಐದು ಲೀಟರಿನ ಎರಡು ಕ್ಯಾನು ಡಿಸ್ಟಿಲ್ಡ್ ವಾಟರ್ ತಂದೆ. ಯುಪಿಎಸ್ ಬ್ಯಾಟರಿಗೆ ಹಾಕುತ್ತಾರಲ್ಲ, ಅದೇ. ಪಾಚಿ ಕಟ್ಟದಿರಲು ಎರಡು ಹನಿ ಔಷಧ. ಸೀಸೆಯ ನೀಲಿ ಬಣ್ಣ ನೋಡಿ ಅಪ್ಪ ಮೂಸಿಯೂ ನೋಡದೆ, “ಮೈಲುತುತ್ತ,” ಅಂದರು. ಚೀಟಿ ಓದಿದೆ. ತಾಮ್ರದ ಸಲ್ಫೇಟು. ಮೈಲುತುತ್ತವೇ. “ಸುಣ್ಣದ ಜೊತೆ ಕಲಸಿ ದ್ರಾಕ್ಷಿಗೆ ಹೊಡೀತಿದ್ವಿ. ಇಷ್ಟಕ್ಕೆ ಎಷ್ಟು ಕೊಟ್ಟೆ?” ಹೇಳಲಿಲ್ಲ.

ತೊಟ್ಟಿಗೆ ನೀರು ಸುರಿದು ಪಂಪಿಗೆ ಕರೆಂಟ್ ಕೊಟ್ಟೆ. ಉಳಿದ ಯಾವ ಭಾಗಕ್ಕೂ ಕರೆಂಟ್ ಹೋಗಬಾರದು. ಪವರ್ ಸಪ್ಲೈ ಪ್ಲಗ್ಗನ್ನು ಮದರ್‌ಬೋರ್ಡಿನಿಂದ ಕಿತ್ತು, ಹಸಿರು ತಂತಿಗೂ ಕಪ್ಪು ತಂತಿಗೂ ಹೆಂಡತಿಯ ಹೇರ್‌ಪಿನ್ ಬಾಗಿಸಿ ಸಿಕ್ಕಿಸಿದರೆ ಪಂಪು ಮಾತ್ರ ಓಡುತ್ತದೆ. ಓಡಿತು. ಗರಗರ ಅಂದಿತು. ನೀರು ಅಲ್ಲೇ ಕೂತಿತು.

“ಏರ್ ಹಿಡ್ದದೆ. ಆಫ್ ಮಾಡೋ, ಒಣಗೋಡುಸ್ಬೇಡ!” ಎಂದು ಅಪ್ಪ ಗದರಿದರು. ಬಾವಿಯ ಪಂಪಿಗೆ ಮೇಲಿನಿಂದ ಬಿಂದಿಗೆ ನೀರು ಸುರಿದು ಏರ್ ಬಿಡಿಸುತ್ತಿದ್ದ ಮನುಷ್ಯ. ನೀರಿಲ್ಲದೆ ಓಡಿದ ಪಂಪು ಏನಾಗುತ್ತದೆಂದು ಅವರಿಗೆ ಗೊತ್ತು. ನಾನು ಆ ಕಡೆಯಿಂದ, ಅವರು ಈ ಕಡೆಯಿಂದ ಪೆಟ್ಟಿಗೆಯನ್ನು ಎತ್ತಿ, ದೇವರ ಅಡ್ಡಪಲ್ಲಕ್ಕಿಯ ಹಾಗೆ ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ, ಹಿಂದಕ್ಕೆ ಮುಂದಕ್ಕೆ ತೂಗಿದೆವು. ಐದು ಸೆಕೆಂಡ್ ಪಂಪು, ಒಂದು ಲೋಟ ನೀರು, ಮತ್ತೆ ತೂಗು. ರೇಡಿಯೇಟರಿನೊಳಗಿಂದ ಗುಳ್ಳೆಗಳು ಬುಳಬುಳ ಎದ್ದು ತೊಟ್ಟಿಗೆ ಬಂದವು. ಮುಕ್ಕಾಲು ಗಂಟೆಯ ಮೇಲೆ ಸದ್ದು ಅಡಗಿ, ನೀರು ಹರಿಯುತ್ತಿದೆಯೋ ಇಲ್ಲವೋ ತಿಳಿಯದಷ್ಟು ತಿಳಿಯಾಯಿತು. ಅಪ್ಪ ಟ್ಯೂಬನ್ನು ಎರಡು ಬೆರಳಲ್ಲಿ ಹಿಡಿದು, ನಾಡಿ ನೋಡುವವರಂತೆ ಕಣ್ಣು ಮುಚ್ಚಿ, “ಓಡ್ತಾ ಅದೆ” ಅಂದರು.

ಆಮೇಲೆ ಸ್ಟೂಲಿನ ಮೇಲೆ ಕೂತು ಸುಮ್ಮನೆ ಅದನ್ನೇ ನೋಡುತ್ತಿದ್ದು ಹೇಳಿದರು: “ನಮ್ ಕೋಲಾರದ್ದೂ ಇದೇ ಕಥೆ ಅಲ್ವೇನಪ್ಪಾ. ನೀವು ಬಳ್ಸಿ ಬಿಟ್ಟಿದ್ದನ್ನ ತೊಳ್ದು ನಮ್ ಕೆರೆಗೆ ಬಿಡ್ತಾರೆ. ಅದು ಇಂಗಿ ಬೋರಿಗೆ ಬರುತ್ತೆ. ಆ ಬೋರಲ್ಲಿ ಟೊಮೆಟೊ ಬೆಳೆದು ನಿಮಗೇ ಕಳಿಸ್ತೀವಿ.” 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವ ಕೆ.ಸಿ. ವ್ಯಾಲಿ ಯೋಜನೆಯನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿದ್ದನ್ನು ಕೇಳಿಲ್ಲ. ಅದರಲ್ಲಿ ರೇಡಿಯೇಟರು ಕೋಲಾರ, ಬಿಸಿ ಮಾಡುವವರು ನಾವು.

ಸೋರಿಕೆಯ ಪರೀಕ್ಷೆಗೆ ಇಪ್ಪತ್ನಾಲ್ಕು ಗಂಟೆ ಓಡಿಸಿಡಬೇಕು. ಪ್ರತಿ ಜಾಯಿಂಟಿನ ಕೆಳಗೂ ಟಿಶ್ಯೂ ಪೇಪರು ಹಾಸಿ ಪಕ್ಕದಲ್ಲೇ ಚಾಪೆ ಹಾಕಿ ಮಲಗಿದೆ. ಟಾರ್ಚು ಹಿಡಿದು ಹನ್ನೆರಡಕ್ಕೆ ನೋಡಿದೆ, ಒಣಗಿತ್ತು. ಒಂದೂವರೆಗೆ ನೋಡಿದೆ, ಒಣಗಿತ್ತು. ಮೂರರ ಹೊತ್ತಿಗೆ ಟಪ್, ಟಪ್ ಎಂದು ಕೇಳಿ ಎದ್ದು ಕೂತೆ. ಆಮೇಲೆ ಅದು ಸರ್ರನೆ ಧಾರೆಯಾಯಿತು. ಪ್ಲಗ್ಗು ಕಿತ್ತೆ, ಕಾರ್ಡಿನ ಮೇಲೆ ಟವೆಲ್ ಒತ್ತಿದೆ, “ಬನ್ನಿ, ಬನ್ನಿ!” ಎಂದು ಕೂಗಿದೆ. ಮನೆಯೆಲ್ಲ ಎದ್ದು ದೀಪ ಹಾಕಿತು. ಟಿಶ್ಯೂ ಒಣಗಿಯೇ ಇದೆ, ಟವೆಲೂ ಒಣಗಿಯೇ ಇದೆ, ಸದ್ದು ಮಾತ್ರ ನಿಂತಿಲ್ಲ.

“ಬಾತ್‌ರೂಮ್ ನಲ್ಲಿ ಕಣ್ರೀ! ಬೋರ್ ನೀರು ಬಂತು!” ಎಂದು ಹೆಂಡತಿ ಬಕೆಟ್ಟಿಗೆ ಓಡಿದಳು. ಹಿಂದಿನ ಸಂಜೆ ನೀರಿಲ್ಲದಾಗ ತಿರುವಿದ ನಲ್ಲಿಯನ್ನು ಯಾರೋ ಮುಚ್ಚಿರಲಿಲ್ಲ. ಆ ರಾತ್ರಿ ನಾನು ಕೂಗದೆ ಇದ್ದಿದ್ದರೆ ಅರ್ಧ ಸಂಪು ಚರಂಡಿಗೆ ಹೋಗುತ್ತಿತ್ತು. ಈ ಪ್ರಯೋಗದಿಂದ ಮನೆಗಾದ ಮೊದಲ ಉಪಕಾರ ಅದು.

ಎರಡನೆಯದು ಬೇಳೆ. ಉಳಿದಿದ್ದ ತುಂಬಿದ ಕ್ಯಾನು ಅಡುಗೆಮನೆಯ ಬಾಗಿಲ ಹಿಂದೆ ಇತ್ತು. ಕರೆಂಟ್ ಹೋಗಿ ಆರ್‌ಒ ನಿಂತಿದ್ದ ಒಂದು ಬೆಳಿಗ್ಗೆ ಅಮ್ಮ ಅದನ್ನೇ ಬಗ್ಗಿಸಿ ಕುಕ್ಕರಿಗೆ ಇಟ್ಟಳು. ಬೋರ್ ನೀರಿನಲ್ಲಿ ಐದು ವಿಶಲ್‌ಗೂ ಕಾಳುಕಾಳಾಗಿ ನಿಲ್ಲುತ್ತಿದ್ದ ತೊಗರಿಬೇಳೆ ಎರಡೇ ವಿಶಲ್‌ಗೆ ಬೆಣ್ಣೆಯಾಯಿತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಬೇಳೆಯನ್ನು ಬೇಯಲು ಬಿಡುವುದಿಲ್ಲ. ಇದು ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ ಅಷ್ಟೇ. ಸಾರು ಉಂಡು ಹೊಗಳಿ, ಎರಡನೇ ಸಲ ಹಾಕಿಸಿಕೊಂಡ ಮೇಲೆ ಅಮ್ಮ ಹೇಳಿದಳು: “ಕಂಪ್ಯೂಟರ್ ನೀರು ಕಣೋ.” ಕ್ಯಾನಿನ ಮೇಲಿದ್ದ ‘ಬ್ಯಾಟರಿಗೆ ಮಾತ್ರ’ ಎಂಬ ಚೀಟಿ ಕಣ್ಣೆದುರು ಬಂದು ತುತ್ತು ಗಂಟಲಲ್ಲೇ ನಿಂತಿತು. ಅದು ತಿನ್ನುವುದಕ್ಕಲ್ಲ ಎಂದು ಅವಳನ್ನು ಒ‍ಪ್ಪಿಸುವುದಕ್ಕೆ ದಿನವೆಲ್ಲ ಹಿಡಿಯಿತು. ಅಂದಿನಿಂದ ಬೇಳೆಗೆ ಆರ್‌ಒ ನೀರು. ಅದು ಹೊರಕ್ಕೆ ಬಿಡುವ ಉಪ್ಪುನೀರು ನೆಲ ಒರೆಸಲು.

ಇನ್ನು ಕಂಪ್ಯೂಟರಿನ ಫಲಿತಾಂಶ. ಪ್ರೊಸೆಸರ್ 95ರಿಂದ 72ಕ್ಕೆ, ಕಾರ್ಡು 84ರಿಂದ 55ಕ್ಕೆ ಇಳಿದವು. ಫ್ಯಾನುಗಳ ಸದ್ದು ಕಿವಿಗೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಖರ್ಚು, ಹಿತ್ತಾಳೆ ನಿಪ್ಪಲಿನ ಉಳಿತಾಯ ಕಳೆದು, ನಲವತ್ತಾರು ಸಾವಿರ. ಒಂದೇ ತೊಡಕು. ನೀರು ಬಿಸಿಯನ್ನು ನುಂಗುವುದಿಲ್ಲ, ಹೊತ್ತು ತಂದು ಕೋಣೆಗೆ ಚೆಲ್ಲುತ್ತದೆ. ಮೊದಲು ಸುಸ್ತಾಗಿ ನಿಧಾನಿಸುತ್ತಿದ್ದ ಪ್ರೊಸೆಸರು ಈಗ ಸುಸ್ತೇ ಆಗದೆ ಇನ್ನಷ್ಟು ಕರೆಂಟ್ ಕುಡಿದು ಇನ್ನಷ್ಟು ಬಿಸಿ ಕಾರುತ್ತದೆ. ಪೆಟ್ಟಿಗೆ ತಣ್ಣಗಾಯಿತು, ಕೋಣೆ ಮೊದಲಿಗಿಂತ ಕಾದಿತು. “ನಲವತ್ತಾರು ಸಾವಿರಕ್ಕೆ ಎಸಿ ಬರ್ತಿತ್ತು,” ಎಂದಳು ಹೆಂಡತಿ. ಬರುತ್ತಿತ್ತು, ನಿಜ.

ಡಿಸೆಂಬರಿನಲ್ಲಿ ಮಾತು ತಿರುಗಿತು. ಚಂದಾಪುರದ ಚಳಿಗೆ ಇಡ್ಲಿ ಹಿಟ್ಟು ಹುಳಿ ಬರುವುದಿಲ್ಲ. ಅಮ್ಮ ಪಾತ್ರೆಗೆ ಕಂಬಳಿ ಹೊದಿಸಿ, ಒಲೆಯ ಪಕ್ಕ ಇಟ್ಟು, ಸೋತು, ಒಂದು ರಾತ್ರಿ ನನ್ನನ್ನು ಕೇಳದೆ ಅದನ್ನು ತಂದು ಕಂಪ್ಯೂಟರಿನ ನೆತ್ತಿಯ ಹತ್ತಿರ ಸ್ಟೂಲಿನ ಮೇಲಿಟ್ಟಳು. ರೇಡಿಯೇಟರಿನಿಂದ ಮೇಲೆ ಬರುವ ಗಾಳಿ ಮೂವತ್ತೈದು ಡಿಗ್ರಿಯ ಆಸುಪಾಸು, ಬೆಳಗಿನವರೆಗೆ ಒಂದೇ ಸಮ. ಬೆಳಿಗ್ಗೆ ಹಿಟ್ಟು ಉಕ್ಕಿ ಮುಚ್ಚಳ ಎತ್ತಿತ್ತು. ಇಡ್ಲಿ ಮಲ್ಲಿಗೆಯಂತಿತ್ತು. ಹೆಂಡತಿ ಏನೂ ಹೇಳದೆ ನಾಲ್ಕು ತಿಂದಳು.

ಈಗ ಶನಿವಾರ ಸಂಜೆ ಅಕ್ಕಿ ತೊಳೆಯುವ ಮುಂಚೆ ಅಮ್ಮ ನನ್ನ ಕೋಣೆಯ ಬಾಗಿಲಿಗೆ ಬಂದು ಕೇಳುತ್ತಾಳೆ: “ಇವತ್ತು ರೆಂಡರ್ ಹಾಕ್ತೀಯೇನೋ? ಉದ್ದು ನೆನೆ ಹಾಕ್ಲಾ?” ಕೆಲಸವಿಲ್ಲದ ವಾರಗಳಲ್ಲೂ ಹಳೆಯದೊಂದು ಬಕೆಟ್ಟಿನ ನಕ್ಷೆ ತೆಗೆದು ರೆಂಡರ್ ಹಾಕಿ ಮಲಗುತ್ತೇನೆ.